ಸೋಡಾ ಗದ್ದೆಯ ಅಕ್ಕಿ

ಕುಣಿಗಲ್,
ಸಂಕ್ರಾಂತಿಯ ಮಾರನೆಯ ದಿನ, ೧೯೬೩

ಇನ್ನೂ ಹೆಸರಿಡದ ಚಿರಂಜೀವಿಗೆ,

ಇಲ್ಲಿ ನಾನು ಕ್ಷೇಮ. ನಿನ್ನ ಕ್ಷೇಮಕ್ಕೆ ಕಾಗದ ಬರೆ ಎಂದು ಕೇಳುವ ಹಾಗಿಲ್ಲ. ಬೆಳಗಿನಿಂದ ಒದ್ದು ಒದ್ದು ನೀನೇ ತಿಳಿಸುತ್ತಿದ್ದೀಯ. ನಿನ್ನ ಕುಣಿಗಲ್ ಅಜ್ಜಿ, ಅಂದರೆ ನನ್ನಮ್ಮ ಲಕ್ಷ್ಮೀದೇವಮ್ಮ, ತುಂಬಿದ ಬಸುರಿ ಹೀಗೆ ಕೂತು ಬರೆಯಬಾರದು ಎಂದು ಎರಡು ಸಲ ಬಂದು ಗದರಿ ಹೋದರು. ನಾನು ಯಾವತ್ತು ಯಾರ ಮಾತು ಕೇಳಿದವಳು ಎಂದು ನೀನು ಹುಟ್ಟಿದ ಮೇಲೆ ಊರೆಲ್ಲ ನಿನಗೆ ಹೇಳುತ್ತದೆ. ಅವರು ಬಣ್ಣ ಹಚ್ಚಿ ಹೇಳುವ ಮುಂಚೆ ನಡೆದದ್ದನ್ನು ನಾನೇ ಬರೆದಿಡುವುದು ವಾಸಿ ಅನ್ನಿಸಿತು.

ವಿಷಯ ಇಷ್ಟೇ. ಹೋದ ತಿಂಗಳು ನೀನೂ ನಾನೂ ಸೇರಿ ನನ್ನ ಒಂದು ವರ್ಷದ ದುಡಿಮೆಯನ್ನು ಉಂಡುಬಿಟ್ಟೆವು. ಅದೂ ತುಪ್ಪ ಹಾಕಿಸಿಕೊಂಡು, ಎರಡನೆಯ ಸಲ ಬಡಿಸಿಕೊಂಡು.

ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವವಳು. ನಮ್ಮ ಮನೆ ಗುಬ್ಬಿಯಲ್ಲಿ. ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ನೀನೂ ಬಂದಿದ್ದೀಯ, ಟಿಕೆಟ್ ಇಲ್ಲದೆ. ಮನೆಯ ಹಿತ್ತಲ ಗೋಡೆಗೆ ಆತುಕೊಂಡೇ ಕದರಯ್ಯನ ಸೋಡಾ ಅಂಗಡಿಯಿದೆ. ಗೋಲಿ ಸೋಡಾಕ್ಕೆ ತುಂಬುವ ಗ್ಯಾಸು ಬೆಂಗಳೂರಿನಿಂದ ಕಬ್ಬಿಣದ ಸಿಲಿಂಡರಿನಲ್ಲಿ ಬರುತ್ತದೆ. ಬಾಯಿ ಸರಿಯಾಗಿ ಮುಚ್ಚದ ಒಂದು ಸಿಲಿಂಡರನ್ನು ಅವನು ಹಿಂದಿನ ಮೂಲೆಯಲ್ಲಿ ಮಲಗಿಸಿದ್ದ. ಆ ಮೂಲೆಯ ಕುಂಬಳದ ಬಳ್ಳಿ ನಮ್ಮ ಗೋಡೆ ಹತ್ತಿ, ಈಚೆ ಇಳಿದು, ಬಚ್ಚಲ ಮನೆಯ ಹೆಂಚಿನವರೆಗೂ ಬಂತು. ಎಲೆ ಒಂದೊಂದೂ ಮೊರದಷ್ಟು. ಕದರಯ್ಯ ಗೋಡೆಯಾಚೆಯಿಂದ ಹೇಳಿದ: "ನಮ್ ಬಳ್ಳಿ ಸೋಡಾ ಕುಡ್ದು ಕುಡ್ದು ಕೊಬ್ಬೈತೆ ಅಮ್ಮಾವ್ರೆ. ಕಾಯಿ ಮಾತ್ರ ಸಪ್ಪೆ ಕಣ್ರೀ."

ಅವನು ತಮಾಷೆಗೆ ಹೇಳಿದ. ನನಗೆ ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಾಯಿತು. ಸೋಡಾದ ಗ್ಯಾಸೆಂದರೆ ನಾವು ಉಸಿರು ಬಿಟ್ಟಾಗ ಹೊರಬರುವ ಇಂಗಾಲಾಮ್ಲವೇ. ಗಿಡಗಳು ಅದನ್ನು ಕುಡಿದೇ ಮೈ ಕಟ್ಟಿಕೊಳ್ಳುತ್ತವೆ. ಇದು ನಾನು ವರ್ಷ ವರ್ಷ ಪಾಠ ಹೇಳುವ ಸಂಗತಿ. ಅದೇ ದಿನಗಳಲ್ಲಿ ಬೆಂಗಳೂರಿನ ಲೈಬ್ರರಿಯೊಂದರಲ್ಲಿ ಪರದೇಶದ ಪತ್ರಿಕೆ ಓದಿ ಬಂದಿದ್ದೆ. ದೂರದ ಸಮುದ್ರದ ನಡುವೆ ಒಂದು ದ್ವೀಪ, ಅದರಲ್ಲೊಂದು ಬೆಟ್ಟ. ಅಲ್ಲಿ ಕೂತು ಗಾಳಿಯಲ್ಲಿ ಈ ಅನಿಲ ಎಷ್ಟಿದೆಯೆಂದು ಅಳೆಯುತ್ತಿದ್ದಾರಂತೆ. ವರ್ಷದಿಂದ ವರ್ಷಕ್ಕೆ ಚೂರು ಚೂರೇ ಏರುತ್ತಿದೆಯಂತೆ. ಕಲ್ಲಿದ್ದಲು, ಪೆಟ್ರೋಲು, ಸೀಮೆಣ್ಣೆ, ಲೋಕವೆಲ್ಲ ಸುಡುತ್ತಿರುವುದರ ಹೊಗೆ ಎಲ್ಲಿಗೆ ಹೋಗಬೇಕು? ನಾನು ಹತ್ತುವ ರೈಲೂ ಮಲ್ಲಸಂದ್ರದ ಏರಿನಲ್ಲಿ ತನ್ನ ಪಾಲು ಸೇರಿಸಿಯೇ ಮುಂದೆ ಹೋಗುತ್ತದೆ.

ಕಾಲೇಜಿನಲ್ಲಿ ಇದನ್ನು ಹೇಳಿದರೆ ಎಲ್ಲರಿಗೂ ಸಂತೋಷ. ಒಳ್ಳೆಯದೇ ಆಯಿತು, ಗೊಬ್ಬರ ಪುಕ್ಕಟೆ ಆಕಾಶದಿಂದಲೇ ಬಂತು, ಬೆಳೆ ದಂಡಿಯಾಗಿ ಬರುತ್ತದೆ ಎಂದರು. ಬೆಳೆ ಬರುತ್ತದೆ, ಸರಿ. ಅದರೊಳಗಿನ ಸತ್ವ? ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬಿಟ್ಟು ಮಲಗಿದರೆ ನನಗೆ ನಿದ್ದೆ ಬರುವುದಿಲ್ಲ. ಇದು ನನ್ನ ರೋಗ. ನಿನಗೂ ಅಂಟಿಕೊಂಡರೆ ನನ್ನನ್ನು ಬೈಯಬೇಡ.

ಕ್ಯಾತ್ಸಂದ್ರದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಹಳೇ ಬಸ್ಸುಗಳನ್ನು ಬಿಚ್ಚಿ ಮಾರುವ ಗುಜರಿಯಿದೆ. ಬಸ್ಸಿನ ಕಿಟಕಿ ಗಾಜುಗಳನ್ನು ಅಲ್ಲಿಂದ ತರಿಸಬೇಕೆಂದೆ. ನಿಮ್ಮಪ್ಪ ಸುಬ್ಬಕೃಷ್ಣ ಪುರಸಭೆಯಲ್ಲಿ ಗುಮಾಸ್ತರು, ಮೃದು ಮನುಷ್ಯ. ಎತ್ತಿನ ಗಾಡಿಯಿಂದ ಗಾಜು ಇಳಿಸಿಕೊಳ್ಳುತ್ತ, "ಮದ್ವೆಗೆ ಮುಂಚೆ ಯಾರೂ ಹೇಳ್ಲಿಲ್ವಲ್ಲೇ, ಹುಡುಗಿ ಸೀರೆ ಕೇಳಲ್ಲ, ಬಸ್ಸು ಕೇಳ್ತಾಳೆ ಅಂತ" ಎಂದರು. ಹೇಳುತ್ತಲೇ ಒಂದೂ ಒಡೆಯದ ಹಾಗೆ ಜೋಡಿಸಿಕೊಟ್ಟರು. ಹಿತ್ತಲಲ್ಲಿ ಎರಡು ಗಾಜಿನ ಪೆಟ್ಟಿಗೆ ಎದ್ದವು, ಮೇಲೆ ಮುಚ್ಚಳವಿಲ್ಲದವು. ಎರಡರಲ್ಲೂ ಒಂದೇ ಮಣ್ಣು, ಒಂದೇ ಗೊಬ್ಬರ, ಒಂದೇ ಬಾವಿಯ ನೀರು. ಕುಣಿಗಲ್ ಕೆರೆಯ ಕೆಳಗಿನ ನಮ್ಮ ತವರಿನ ಗದ್ದೆಯಿಂದ ತಂದ ಒಂದೇ ಬಿತ್ತನೆ ಭತ್ತ. ಜೊತೆಗೆ ಒಂದೊಂದು ಕುಂಡ ರಾಗಿ. ಒಂದು ಪೆಟ್ಟಿಗೆಗೆ ಮಾತ್ರ ಕದರಯ್ಯನ ಸಿಲಿಂಡರಿನಿಂದ ಸಣ್ಣ ನಳಿಗೆಯಲ್ಲಿ ಹಗಲೆಲ್ಲ ಗ್ಯಾಸು ಬಿಡುವುದು, ಇನ್ನೊಂದಕ್ಕೆ ಊರಿನ ಗಾಳಿ. ಓಣಿಯವರು ಮೊದಲನೆಯದಕ್ಕೆ ಸೋಡಾ ಗದ್ದೆ ಎಂದು ಹೆಸರಿಟ್ಟರು. ಆ ಹೆಸರೇ ನಿಂತಿತು.

ನಾಟಿ ಮಾಡಿದ ಕೆಲವೇ ದಿನಗಳಲ್ಲಿ ನೀನು ಬಂದಿರುವುದು ತಿಳಿಯಿತು. ಆಮೇಲೆ ಭತ್ತವೂ ನೀನೂ ಒಟ್ಟಿಗೇ ಬೆಳೆದಿರಿ.

ಸೋಡಾ ಗದ್ದೆಯ ಭತ್ತ ಪಕ್ಕದ್ದನ್ನು ಹಿಂದೆ ಹಾಕಿ ಎದ್ದಿತು. ಬುಡದಿಂದ ಒಡೆದ ತೆಂಡೆ ದಪ್ಪ, ಎಲೆ ಅಗಲ, ತೆನೆಯಲ್ಲಿ ಕಾಳು ಜಾಸ್ತಿ. ರಾಗಿ ಮಾತ್ರ ಎರಡು ಕಡೆಯೂ ಒಂದೇ ಸಮ ನಿಂತಿತ್ತು, ಗ್ಯಾಸು ಕೊಟ್ಟರೂ ಸೈ, ಬಿಟ್ಟರೂ ಸೈ ಎನ್ನುವ ಹಾಗೆ. ಅದು ಯಾಕೆಂದು ನನ್ನ ಪುಸ್ತಕಗಳಲ್ಲಿ ಇಲ್ಲ. ಆ ಪ್ರಶ್ನೆಯನ್ನೂ ಮಡಿಲಿಗೆ ಕಟ್ಟಿಕೊಂಡಿದ್ದೇನೆ. ಜನ ನೋಡಲು ಬಂದರು. ಅದು ಚೀನಾದ ಯುದ್ಧದ ಸಮಯ. ನಾವು ಉಪಾಧ್ಯಾಯಿನಿಯರು ಪಾಠದ ನಡುವೆ ಸಿಪಾಯಿಗಳಿಗೆ ಸ್ವೆಟರ್ ಹೆಣೆಯುತ್ತಿದ್ದೆವು, ಅಂಗಡಿಯಲ್ಲಿ ಅಕ್ಕಿ ಸಿಕ್ಕರೆ ಸಿಕ್ಕಿತು. ಅಂಥ ಹೊತ್ತಿನಲ್ಲಿ ಎದೆಯೆತ್ತರದ ಭತ್ತ ನೋಡಿದರೆ ಯಾರಿಗೆ ಆಸೆಯಾಗುವುದಿಲ್ಲ? ನಮ್ಮ ಕಡೆಯ ಗ್ರಾಮಸೇವಕರು ಬಂದು, "ಮೇಡಂ, ಇದನ್ನ ವಸ್ತುಪ್ರದರ್ಶನದಲ್ಲಿ ಇಡೋಣ. ಹೆಚ್ಚು ಬೆಳೆಯೋಕೆ ಹೊಸ ದಾರಿ ಅಂತ ಬೋರ್ಡ್ ಬರೆಸ್ತೀನಿ" ಎಂದರು. ಕಾಳನ್ನು ಪರೀಕ್ಷೆ ಮಾಡುವ ತನಕ ಒಂದು ಎಲೆಯನ್ನೂ ಕೊಡುವುದಿಲ್ಲವೆಂದೆ. ಅವರಿಗೆ ಕೋಪ ಬಂತು. ಬರಲಿ. ಮಗುವಿನ ಎತ್ತರ ನೋಡಿ ಆರೋಗ್ಯ ಹೇಳಿದ ಹಾಗಾಯಿತು ಅದು.

ಪರೀಕ್ಷೆ ಮಾಡಲು ಇದ್ದ ದಾರಿ ಒಂದೇ. ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮುಖ್ಯಸ್ಥರು ಚಂದ್ರಶೇಖರಯ್ಯನವರು. ಕಾಳನ್ನು ಗಂಧಕಾಮ್ಲದಲ್ಲಿ ಕುದಿಸಿ ಅದರಲ್ಲಿ ಸಾರಜನಕ ಎಷ್ಟಿದೆ ಎಂದು ಅಳೆದರೆ, ಮೈ ಬೆಳೆಸುವ ಸತ್ವ ಎಷ್ಟಿದೆ ಎಂಬುದು ಗೊತ್ತಾಗುತ್ತದೆ. ಆ ಸಲಕರಣೆ ಇರುವುದು ಅವರ ಕೈಯಲ್ಲಿ. ನಾನು ಕೇಳಿದಾಗ ಅವರು ನನ್ನ ಮುಖ ನೋಡಲಿಲ್ಲ, ಹೊಟ್ಟೆ ನೋಡಿದರು. "ಕ್ರಿಸ್‌ಮಸ್ ರಜದವರೆಗೆ ಕೊಡ್ತೀನಮ್ಮ. ಆಮೇಲೆ ನಿಮಗೆ ಹೆರಿಗೆ, ಬಾಣಂತನ. ವಾಪಸ್ ಬರ್ತೀರೋ ಇಲ್ವೋ ಯಾರಿಗ್ಗೊತ್ತು. ಬಂದವರನ್ನ ನಾನು ಕಂಡಿಲ್ಲ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ, ಅವರು ಕಂಡದ್ದನ್ನೇ ಹೇಳಿದರು. ಆದರೆ ಅವತ್ತು ರೈಲಿನಲ್ಲಿ ಬರುತ್ತ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಈ ಬೆಳೆಯ ಲೆಕ್ಕ ತೋರಿಸದೆ ಹೋದರೆ ನನಗೆ ಇನ್ನೊಂದು ಬೆಳೆ ಸಿಗುವುದಿಲ್ಲ ಎಂಬುದು ಸ್ಪಷ್ಟವಾಗಿತ್ತು.

ಕೊಯ್ದು, ಕೈಯಲ್ಲೇ ಬಡಿದು, ಒಣಗಿಸಿ, ಸೋಡಾ ಗದ್ದೆಯದನ್ನು ದಪ್ಪ ಬಟ್ಟೆಚೀಲದಲ್ಲಿ, ಇನ್ನೊಂದನ್ನು ಸಣ್ಣದರಲ್ಲಿ ಕಟ್ಟಿ ಅಟ್ಟದ ತೊಲೆಗೆ ತೂಗುಹಾಕಿದೆ. ನಿನ್ನ ಗುಬ್ಬಿ ಅಜ್ಜಿ, ನನ್ನ ಅತ್ತೆ ಸರಸ್ವತಮ್ಮನವರಿಗೆ ದಿನಕ್ಕೊಂದು ಸಲ ಹೇಳುತ್ತಿದ್ದೆ: "ಅತ್ತೆ, ಆ ದಪ್ಪ ಚೀಲ ಜೋಪಾನ. ಅದರಲ್ಲಿರೋದು ಚಿನ್ನ. ಇಲಿ ಮುಟ್ಟಬಾರದು, ಹುಳ ಮುಟ್ಟಬಾರದು." ಅವರು ಪಾಪ, ಇಲಿಗೆಂದು ಬೆಕ್ಕನ್ನೇ ತಂದು ಸಾಕಿದರು. ಅತ್ತೆ ಮುಟ್ಟಬಾರದು ಎಂದು ಮಾತ್ರ ನಾನು ಹೇಳಿರಲಿಲ್ಲ.

ನಿನ್ನ ಸೀಮಂತದ ದಿನವೂ ಒಂದು ಪಾಠ ಮುಗಿಸಿಕೊಂಡೇ ಬಂದೆ. ಮನೆಯಲ್ಲಿ ಹಸೆ ಹಾಸಿ, ಹಸಿರು ಬಳೆ ಜೋಡಿಸಿ, ಐದು ಬಗೆ ಅನ್ನ ಮಾಡಿಟ್ಟಿದ್ದರು. ಬಯಕೆ ಊಟ ಅಂದರೆ ಹಾಗೆಯೇ: ಪುಳಿಯೋಗರೆ, ಚಿತ್ರಾನ್ನ, ಕಾಯನ್ನ, ಮೊಸರನ್ನ, ಕೊನೆಗೆ ಸಿಹಿ ಹುಗ್ಗಿ. ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿಯಿದೆ. ಆ ವರ್ಷ ಮನೆಗೆ ಬಂದ ಬೆಳೆಯಲ್ಲಿ ಯಾವುದು ಎಲ್ಲಕ್ಕಿಂತ ಒಳ್ಳೆಯದೋ ಅದರ ಮೊದಲ ತುತ್ತು ದೇವರಿಗೂ ಮುಂಚೆ ಬಸುರಿಗೆ. ಹುಗ್ಗಿ ಬಾಯಲ್ಲಿಟ್ಟರೆ ಕರಗುತ್ತಿತ್ತು. ಯಾಲಕ್ಕಿ, ಹೊಸ ಬೆಲ್ಲ, ಬೆರಳ ಸಂದಿಯಿಂದ ಇಳಿಯುವಷ್ಟು ತುಪ್ಪ. ಇನ್ನೊಂದು ಸೌಟು ಹಾಕಿಸಿಕೊಂಡೆ. "ಅತ್ತೆ, ಏನು ಹದ, ಯಾವ ಅಕ್ಕಿ ಇದು" ಎಂದು ಕೇಳಿದ್ದೂ ನಾನೇ. ಅವರು ಮುಖವೆಲ್ಲ ನಗುವಾಗಿ ಹೇಳಿದರು: "ನಿನ್ದೇ ಕಣೇ, ಸೋಡಾ ಗದ್ದೇದು. ಕೂಸಿನ ಹಾಗೆ ಸಾಕಿದೀಯ, ಚಿನ್ನ ಚಿನ್ನ ಅಂತೀಯ. ಅಂಥಾ ಅಕ್ಕಿ ನಿನ್ನ ಹೊಟ್ಟೆಗೆ ಸೇರ್ದೆ ಇನ್ಯಾರ ಹೊಟ್ಟೆಗೆ ಸೇರ್ಬೇಕು?"

ಸುತ್ತ ಕೂತಿದ್ದ ಹೆಂಗಸರೆಲ್ಲ ಸೈ ಸೈ ಎಂದರು. ನನ್ನ ಕೈ ಎಲೆಯ ಮೇಲೆಯೇ ನಿಂತಿತು.

ಆರತಿ ಮುಗಿಯುವ ತನಕ ಹೇಗೆ ಕೂತಿದ್ದೆನೋ ಗೊತ್ತಿಲ್ಲ. ಎಲ್ಲರೂ ಹೋದ ಮೇಲೆ ಅಟ್ಟ ಹತ್ತಿ ನೋಡಿದೆ. ದಪ್ಪ ಚೀಲ ಬರಿದಾಗಿ, ನೀಟಾಗಿ ಮಡಿಸಿಟ್ಟಿತ್ತು. ತೌಡು ಹಸುವಿಗೆ ಹೋಗಿತ್ತು, ಹೊಟ್ಟು ಬಚ್ಚಲ ಒಲೆಗೆ. ಅಡುಗೆ ಮನೆಗೆ ಬಂದು, "ಅತ್ತೆ, ನೀವು ನನ್ನ ಒಂದು ವರ್ಷವನ್ನ ಬೇಯಿಸಿ ಬಡಿಸಿಬಿಟ್ರಿ" ಎಂದೆ. ಅವರು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು. ಅವರ ಮುಖ ನೋಡಿದ ಮೇಲೆ ನನ್ನ ಕೋಪ ಎಲ್ಲಿ ಇಡಬೇಕೆಂದು ತಿಳಿಯದೆ ಹಿತ್ತಲಿಗೆ ಹೋಗಿ ಖಾಲಿ ಗಾಜಿನ ಪೆಟ್ಟಿಗೆಯ ಪಕ್ಕ ಕೂತೆ. ಪ್ರೀತಿಯಿಂದ ಮಾಡಿದ ಅನಾಹುತಕ್ಕೆ ಬೈಗುಳವೂ ಇಲ್ಲ, ಔಷಧವೂ ಇಲ್ಲ.

ಸ್ವಲ್ಪ ಹೊತ್ತಿಗೆ ಅವರೇ ಬಂದು ಪಕ್ಕದಲ್ಲಿ ಕೂತರು. "ಏನಾಗ್ಬೇಕಿತ್ತು ಅದ್ರಿಂದ, ಬಿಡಿಸಿ ಹೇಳು" ಎಂದರು. ಮದುವೆಯಾದ ಮೇಲೆ ಆ ಮಾತು ಅವರು ಕೇಳಿದ್ದು ಅದೇ ಮೊದಲು. ನಾನೂ ಅದುವರೆಗೆ ಹೇಳಲು ಹೋಗಿರಲಿಲ್ಲ. ಗಿಡ ಗಾಳಿಯಿಂದ ಪಿಷ್ಟ ಮಾಡಿಕೊಳ್ಳುತ್ತದೆ, ಗಾಳಿಯಲ್ಲಿ ಗ್ಯಾಸು ಹೆಚ್ಚಾದರೆ ಪಿಷ್ಟವೂ ಹೆಚ್ಚು. ಆದರೆ ಸಾರಜನಕ ಬರುವುದು ಬೇರಿನಿಂದ, ಅದು ಇದ್ದಷ್ಟೇ ಇರುತ್ತದೆ. ಮೈ ದೊಡ್ಡದಾಗಿ, ಅದೇ ಸತ್ವ ಅಷ್ಟಗಲಕ್ಕೂ ಹಂಚಿಹೋಗುತ್ತದೋ ಏನೋ ಎಂಬುದು ನನ್ನ ಅನುಮಾನ ಎಂದೆ. ಅವರು ಎಲ್ಲ ಕೇಳಿ, "ಹೊತ್ತಲ್ಲದ ಹೊತ್ನಲ್ಲಿ ನೆಂಟರು ಬಂದ್ರೆ ಸಾರಿಗೆ ನೀರು ಹುಯ್ತೀವಲ್ಲ, ಹಾಗೆ. ಸಾರು ಪಾತ್ರೆ ತುಂಬ ಇರುತ್ತೆ, ಬೇಳೆ ಅಷ್ಟೇ" ಎಂದರು. ಅಷ್ಟೇ ಅತ್ತೆ, ಆ ಬೇಳೆ ಎಷ್ಟೆಂದು ನೋಡಬೇಕಿತ್ತು ಎಂದೆ. ಅವರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಎದ್ದುಹೋದರು.

ಹೋದವರು ಒಂದು ತಾಮ್ರದ ಬಟ್ಟಲು ಹಿಡಿದು ಬಂದರು. ಒಳಗೆ ಒಂದು ಹಿಡಿ ನುಚ್ಚು. ಕುಟ್ಟುವಾಗ ಮುರಿದ ಅಕ್ಕಿಯನ್ನು ಅವರು ಯಾವತ್ತೂ ಬಿಸಾಡಿದವರಲ್ಲ. ಬಾಣಂತನದಲ್ಲಿ ನನಗೆ ಗಂಜಿ ಕಾಯಿಸಲೆಂದು ಮೊರದಲ್ಲಿ ಕೇರಿ ಎತ್ತಿಟ್ಟಿದ್ದರು. "ಇದು ಸಾಕಾ ನೋಡು" ಎಂದರು. ಸಾಕು, ಆದರೆ ಸಾಲದು ಎಂದೆ. ಅಕ್ಕಿಯ ಮೇಲ್ಪದರದಲ್ಲಿ ಸತ್ವ ಹೆಚ್ಚು. ಈ ಭತ್ತವನ್ನು ಎಷ್ಟು ಕುಟ್ಟಿದ್ದಾರೋ ಇನ್ನೊಂದನ್ನೂ ಅಷ್ಟೇ ಕುಟ್ಟಿ ಅದರ ನುಚ್ಚಿನ ಜೊತೆ ಹೋಲಿಸಬೇಕು. ಒನಕೆ ಬೇರೆಯಾಗಬಾರದು, ಕೈ ಬೇರೆಯಾಗಬಾರದು. ಮಾರನೆಯ ಬೆಳಿಗ್ಗೆ ಅತ್ತೆ ಮಡಿಯುಟ್ಟು, ಸಣ್ಣ ಚೀಲದ ಭತ್ತವನ್ನು ಅದೇ ಒರಳಿಗೆ ಸುರಿದು, ಅದೇ ಒನಕೆ ಹಿಡಿದರು. ನಡುನಡುವೆ ನಿಲ್ಲಿಸಿ ಅಂಗೈಯಲ್ಲಿ ಅಕ್ಕಿ ಹಿಡಿದು, ಹುಗ್ಗಿಗೆ ಮಾಡಿದಷ್ಟೇ ಬಿಳುಪು ಬಂತೇ ಎಂದು ಬೆಳಕಿಗೆ ನೋಡುತ್ತಿದ್ದರು. ಅವತ್ತು ನಮ್ಮ ಮನೆಯಲ್ಲಿ ಪೂಜೆ ತಡವಾಯಿತು.

ಎರಡು ಪೊಟ್ಟಣ ಕಟ್ಟಿಕೊಂಡು ತುಮಕೂರಿಗೆ ಹೋದೆ. ಕುದಿಯುವ ಆಮ್ಲದ ಹೊಗೆ ನಿನಗಾಗದು ಎಂದು ನಿಮ್ಮಪ್ಪ ರಜ ಹಾಕಿ ಜೊತೆಗೆ ಬಂದಿದ್ದರು. ಕೆಲಸ ತಾವೇ ಮಾಡುವುದಾಗಿ ಹೊರಟಿದ್ದರು, ಪಾಪ. ಜನ್ಮದಲ್ಲಿ ನಿಂಬೆರಸಕ್ಕಿಂತ ಹುಳಿಯಾದದ್ದನ್ನು ಮುಟ್ಟಿದವರಲ್ಲ. ಪ್ರಯೋಗಶಾಲೆಯ ಕಿಟಕಿಯಾಚೆ ನಾನು, ಒಳಗೆ ಅವರು, ನಾನು ಹೇಳುವುದು, ಅವರು ನಡುಗುವುದು. ಚಂದ್ರಶೇಖರಯ್ಯನವರು ಬಾಗಿಲಲ್ಲಿ ನಿಂತು ನೋಡಿದರು. ಪೊಟ್ಟಣದಲ್ಲಿ ಏನಿದೆ ಎಂದು ಕೇಳಿದರು. ನುಚ್ಚು ಎಂದೆ. ಯಾಕೆ ನುಚ್ಚು ಎಂದರೆ ಎಲ್ಲ ಕಥೆಯನ್ನೂ ಕಿಟಕಿಯಿಂದಲೇ ಹೇಳಬೇಕಾಯಿತು. ಅವರು ನಗುತ್ತಾರೆಂದುಕೊಂಡೆ, ನಗಲಿಲ್ಲ. ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, ನಿಮ್ಮಪ್ಪನ ಕೈಯಿಂದ ಗಾಜಿನ ಬುದ್ದಲಿ ತೆಗೆದುಕೊಂಡು, "ನೀವು ಹೊರಗೆ ಹೋಗಿ ನಿಮ್ಮ ಹೆಂಡತಿಗೆ ಒಂದು ಕುರ್ಚಿ ಹಾಕಿ" ಎಂದರು.

ಸಂಜೆಯ ರೈಲಿನ ಹೊತ್ತಿಗೆ ಅವರು ಹೊರಗೆ ಬಂದರು. "ಸೋಡಾ ಗದ್ದೇದು ಕಡಿಮೆ ಇದೆಯಮ್ಮ. ಎರಡು ಸಲ ಮಾಡಿದೆ, ಎರಡು ಸಲಾನೂ ಕಡಿಮೆ. ಜಾಸ್ತಿ ಅಲ್ಲ, ಆದ್ರೆ ಇದೆ" ಎಂದರು. ಆಮೇಲೆ, "ಒಂದು ಹಿಡಿ ನುಚ್ಚಿಂದ ಏನೂ ಸಾಬೀತಾಗಲ್ಲ, ಅದೂ ನಿಮಗೆ ಗೊತ್ತು" ಎಂದರು. ಗೊತ್ತು ಸಾರ್, ಅದಕ್ಕೇ ಮುಂದಿನ ಮಳೆಗಾಲಕ್ಕೆ ಮತ್ತೆ ಹಾಕುತ್ತೇನೆ, ಈ ಸಲ ಹೆಚ್ಚು ಕುಂಡ, ಜೊತೆಗೆ ಅವರೆ, ಹುರುಳಿ ಎಂದೆ. "ಕೂಸನ್ನ ಎಲ್ಲಿ ಬಿಡ್ತೀರಿ?" ಎಂದು ಕೇಳಿದರು. ಬರುತ್ತೇನೆ ಎಂದೆ, ಅಷ್ಟೇ. ಹೇಗೆ ಎಂದು ಹೇಳಲಿಲ್ಲ.

ಕಂದಾ, ಆ ಪ್ರಶ್ನೆ ಹೊತ್ತುಕೊಂಡೇ ಚೊಚ್ಚಲ ಹೆರಿಗೆಗೆ ಕುಣಿಗಲ್ಲಿಗೆ ಬಂದೆ. ಇಲ್ಲಿ ಎಲ್ಲರೂ, ಇನ್ನು ಗಾಜು ಗ್ಯಾಸು ಎಲ್ಲ ಸಾಕು, ಮಗು ನೋಡಿಕೋ ಎನ್ನುವವರೇ. ನಿನ್ನನ್ನು ನೋಡಿಕೊಳ್ಳುವುದೆಂದರೆ ಏನೆಂದು ನಾನು ಅವರೊಡನೆ ವಾದ ಮಾಡಲಿಲ್ಲ. ನಿನ್ನೊಡನೆ ಮಾಡುತ್ತೇನೆ. ನಮ್ಮ ಪೆಟ್ಟಿಗೆಗೆ ನಾಲ್ಕು ಕಡೆ ಗಾಜಿತ್ತು, ಬೇಡವೆಂದರೆ ನಳಿಗೆ ತಿರುಗಿಸಿ ಗ್ಯಾಸು ನಿಲ್ಲಿಸಬಹುದಿತ್ತು. ನೀನು ಮುದುಕನೋ ಮುದುಕಿಯೋ ಆಗುವ ಕಾಲಕ್ಕೆ ಊರೆಲ್ಲ, ದೇಶವೆಲ್ಲ ಸೋಡಾ ಗದ್ದೆಯಾಗಿದ್ದರೆ? ಪೈರು ಹುಲುಸಾಗಿ ನಿಂತಿರುತ್ತದೆ, ತಟ್ಟೆಯ ತುಂಬ ಅನ್ನವಿರುತ್ತದೆ, ಉಂಡವರ ಮೈಯಲ್ಲಿ ಮಾತ್ರ ಕಸುವಿರುವುದಿಲ್ಲ. ಯಾಕೆಂದು ಯಾರಿಗೂ ತಿಳಿದಿರುವುದಿಲ್ಲ. ಹಸಿದ ಹೊಟ್ಟೆ ಕೂಗಿ ಹೇಳುತ್ತದೆ. ತುಂಬಿದ ಹೊಟ್ಟೆಯ ಹಸಿವನ್ನು ಯಾರಾದರೂ ಅಳೆದೇ ಹೇಳಬೇಕು. ಲೋಕದ ಗಾಳಿಯನ್ನು ನಿಲ್ಲಿಸಲು ನನ್ನ ಕೈಲಾಗದು. ಆದರೆ ಮೊದಲೇ ಗೊತ್ತಾದರೆ ಸಾರಿಗೆ ಬೇಳೆ ಹಾಕುವ ದಾರಿ ಹುಡುಕಬಹುದು. ಆ ಕೆಲಸವನ್ನು ನಿನ್ನ ತೊಟ್ಟಿಲಿಗಾಗಿ ಬಿಟ್ಟೆ ಎಂದರೆ, ನಿನಗೆ ಅನ್ಯಾಯ ಮಾಡಿದಂತೆಯೇ.

ನಿನ್ನೆ ಎಳ್ಳು ಬೀರುವ ನೆಪದಲ್ಲಿ ನಿನ್ನ ಗುಬ್ಬಿ ಅಜ್ಜಿ ಬಸ್ಸು ಹಿಡಿದು ಬಂದಿದ್ದರು. ಎಳ್ಳುಬೆಲ್ಲ, ಸಕ್ಕರೆ ಅಚ್ಚು, ನಿನಗೆ ಹಳೆಯ ಮೆತ್ತನೆ ಸೀರೆಯ ಕೌದಿ. ಕೊನೆಗೆ ಚೀಲದ ತಳದಿಂದ ಒಂದು ತಗಡಿನ ಪೆಟ್ಟಿಗೆ ತೆಗೆದರು, ಬೀಗ ಹಾಕಿದ್ದು. ಮುಂದಿನ ಬೆಳೆಯ ಭತ್ತ ಇಡಲು ಕಮ್ಮಾರನಿಗೆ ಹೇಳಿ ಮಾಡಿಸಿದ್ದಂತೆ. ಕದರಯ್ಯನಿಗೂ ಹೋಗಿ, ಆರಿದ್ರಾ ಮಳೆಯ ಹೊತ್ತಿಗೆ ಸಿಲಿಂಡರ್ ಬೇಕು, ಯಾರಿಗೂ ಮಾತು ಕೊಡಬೇಡ ಎಂದು ಹೇಳಿ ಬಂದಿದ್ದಾರಂತೆ. ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದರು: "ಕೂಸನ್ನ ನಾನು ನೋಡ್ಕೋತೀನಿ, ನೀನು ರೈಲು ಹತ್ತು. ಈ ಬೀಗದ ಕೈ ಮಾತ್ರ ನಿನ್ನ ಹತ್ರಾನೇ ಇಟ್ಕೋ. ನನ್ನ ಹತ್ರ ಇದ್ರೆ ಮಗೂಗೆ ಒಂದಿನ ಪಾಯಸ ಮಾಡ್ಬಿಡ್ತೀನಿ ಕಣೇ."

ಕುಣಿಗಲ್ ಅಜ್ಜಿ ನಕ್ಕರು. ನನಗೆ ಅಳು ಬಂತು. ಸೀಮಂತದ ದಿನ ತಡೆದುಕೊಂಡಿದ್ದೆಲ್ಲ ಒಟ್ಟಿಗೆ ಬಂತು. ಆ ಬೀಗದ ಕೈ ಈಗ ನನ್ನ ಮಾಂಗಲ್ಯದ ಸರದಲ್ಲೇ ಇದೆ. ಈ ಕಾಗದ ಮುಗಿಸಿ ಚಂದ್ರಶೇಖರಯ್ಯನವರಿಗೂ ಒಂದು ಸಾಲು ಹಾಕಬೇಕು: ಕೂಸನ್ನು ಬಿಡುವ ಜಾಗ ಸಿಕ್ಕಿತು, ಸಲಕರಣೆ ತೊಳೆಸಿಡಿ ಎಂದು.

ನೀನು ನಿನ್ನ ಸಮಯಕ್ಕೆ ಬಾ, ಅವಸರವಿಲ್ಲ. ಆರಿದ್ರಾ ಮಳೆಗೆ ಮುಂಚೆ ಬಂದರಾಯಿತು. ಹುಟ್ಟುವ ಮೊದಲೇ ನೀನು ಸೋಡಾ ಗದ್ದೆಯ ಹುಗ್ಗಿ ಉಂಡಿದ್ದೀಯ, ಇನ್ನು ಮೇಲೆ ನಿನ್ನ ತುತ್ತನ್ನು ಅಳೆದು ನೋಡುವ ಕೆಲಸ ನನ್ನದು. ಹೊಟ್ಟೆ ತುಂಬ ಉಣ್ಣು ಮಗು. ನೀನು ಉಂಡದ್ದೆಲ್ಲ ನಿನ್ನ ಮೈಗೆ ಹತ್ತಲಿ.

ನಿನ್ನ ದಾರಿ ಕಾಯುತ್ತಿರುವ,
ಹಟಮಾರಿ ಅಮ್ಮ
ಕೌಸಲ್ಯ